ಒಂದು ದಿನದ ಮುಯ್ಯಿ

ಗೌರಿಬಿದನೂರು
13 ಡಿಸೆಂಬರ್ 2004, ಸೋಮವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ರಾಜಸ್ಥಾನದಲ್ಲಿ ಈಗ ಕೈ ಹೊರಗೆ ಇಡಲಾಗದಷ್ಟು ಚಳಿ ಎಂದು ಹೋದ ಪತ್ರದಲ್ಲಿ ಬರೆದಿದ್ದಿರಿ. ಅಮ್ಮ ಕಳಿಸಿದ ಸ್ವೆಟರ್ ಹಾಕಿಕೊಳ್ಳುತ್ತಿದ್ದೀರೋ ಇಲ್ಲ ಹೋದ ಸಲದ ಹಾಗೆ ಯಾರಿಗೋ ಕೊಟ್ಟು ಕೂತಿದ್ದೀರೋ? ಮಂಡಿ ನೋವು ಹೇಗಿದೆ? ಪೆರೇಡಿನಲ್ಲಿ ಹುಷಾರು. ನಾನೂ ಅಮ್ಮನೂ ಚೆನ್ನಾಗಿದ್ದೇವೆ. ನನ್ನ ಕಾಲು ಮಾತ್ರ ಮರದ ಕೊರಡಾಗಿದೆ. ಕಾರಣ ಹೇಳುತ್ತೇನೆ, ನಿಧಾನವಾಗಿ ಓದಿ, ಕೊನೆಗೆ ಹಾರಬೇಡಿ. ನಿಮ್ಮ ಬುದ್ಧಿ ನನಗೆ ಗೊತ್ತು.

ಕಾಲೇಜಿನಿಂದ ಚಲಪತಿ ಮೇಷ್ಟ್ರು ನಮ್ಮನ್ನು ಬೆಟ್ಟ ನೋಡಲು, ಹಳ್ಳಿಯಲ್ಲಿ ಇದ್ದು ಬರಲು ಕರೆದುಕೊಂಡು ಹೋಗಿದ್ದರು. ಮೊದಲು ಕಳವಾರ. ಬೆಳಕು ಹರಿಯುತ್ತಲೇ ಸ್ಕಂದಗಿರಿ ಹತ್ತಲು ಶುರು ಮಾಡಿದೆವು. ಅರ್ಧ ದಾರಿಗೆ ನನ್ನ ಚಪ್ಪಲಿ ಕಿತ್ತುಹೋಯಿತು, ಉಳಿದದ್ದೆಲ್ಲ ಬರಿಗಾಲು. ಆದರೆ ಮೇಲೆ ಹೋಗಿ ನಿಂತೆವಲ್ಲ ಅಪ್ಪಾ, ಮೋಡ ನಮ್ಮ ಕೆಳಗಿತ್ತು. ಊರು, ಕೆರೆ, ಹೊಲ, ಟಾರು ರಸ್ತೆ ಯಾವುದೂ ಇಲ್ಲ, ಬರೀ ಬಿಳಿ. ಅದರಲ್ಲಿ ಅಲ್ಲೊಂದು ಇಲ್ಲೊಂದು ಬೆಟ್ಟದ ತಲೆ. ನಾನು ಕುಣಿದೇಬಿಟ್ಟೆ. ಮೇಷ್ಟ್ರು ಬೈದರು, ಆಮೇಲೆ ಅವರೂ ಟೋಪಿ ತೆಗೆದು ಸುಮ್ಮನೆ ನಿಂತರು. ಬಿಸಿಲೇರಿ ಮೋಡ ಕರಗಿದ ಮೇಲೆ ಮೇಷ್ಟ್ರು ಪೂರ್ವಕ್ಕೆ ಕೈ ತೋರಿಸಿ, "ನಾಳೆ ಆ ಕಡೆ, ಸಾದಲಿಗೆ" ಎಂದರು. ಅಲ್ಲಿಂದ ಮುಂದೆ ನನಗೆ ಬೆಟ್ಟದ ಮೇಲೆ ಗಮನ ನಿಲ್ಲಲಿಲ್ಲ.

ಸಾದಲಿ ಎಂದರೆ ನಮ್ಮ ಮನೆಯಲ್ಲಿ ಊರಲ್ಲ, ಮಂಗಮ್ಮತ್ತೆ. ನೀವು ಅಕ್ಕನ ಮಗಳು ಆದಿಲಕ್ಷ್ಮಿಯನ್ನು ಬಿಟ್ಟು ಅಮ್ಮನನ್ನು ಮದುವೆಯಾದಿರಿ. ನಿಮ್ಮಕ್ಕ ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಇಟ್ಟರು. ಆದಿಲಕ್ಷ್ಮಕ್ಕ ಬೇರೆ ಕಡೆ ಮದುವೆಯಾಗಿ, ಎರಡು ಮಕ್ಕಳ ತಾಯಾಗಿ ಹಾಯಾಗಿದ್ದರೂ ಆಣೆ ಮಾತ್ರ ಹಾಗೇ ಇದೆ. ಪ್ರತಿ ಗೌರಿ ಹಬ್ಬಕ್ಕೂ ನೀವು ಸೀರೆ ಕಳಿಸುವುದು, ಅದು ಮಡಿಕೆ ಬಿಚ್ಚದೆ ವಾಪಸ್ಸು ಬರುವುದು, ಆ ವಾರವೆಲ್ಲ ನೀವು ಫೋನಿನಲ್ಲಿ ಸರಿಯಾಗಿ ಮಾತಾಡದೆ ಇರುವುದು, ಇಷ್ಟು ನೋಡಿಕೊಂಡೇ ಬೆಳೆದವಳು ನಾನು. ನನಗೆ ಅದು ಸಂಕಟ ಅಪ್ಪಾ. ಹೊರಡುವಾಗ ಅಮ್ಮ, "ದೂರದಿಂದ ನೋಡ್ಕೊಂಡ್ ಬಾ ಕಣೇ. ಮಾತಾಡ್ಸಕ್ಕೆ ಹೋಗಿ ಮುಖ ಮುರಿಸ್ಕೊಂಡ್ ಬರ್ಬೇಡ" ಎಂದಿದ್ದರು. ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದಕ್ಕೇನು.

ಸಾದಲಿ ಸುತ್ತ ಬೆಟ್ಟದ ಬುಡದವರೆಗೂ ಹಿಪ್ಪುನೇರಳೆ ತೋಟ. ಮಂಜು ಬಿದ್ದು ಎಲೆಯೆಲ್ಲ ಒದ್ದೆ. ನಾವು ಶಾಲೆಯ ಜಗಲಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ ಮೇಷ್ಟ್ರು ಬಂದು, ಚೆನ್ನರಾಯಪ್ಪ ಎನ್ನುವವರ ಮನೆಯಲ್ಲಿ ರೇಷ್ಮೆ ಹುಳವೆಲ್ಲ ಒಂದೇ ಸಲ ಹಣ್ಣಾಗಿ ಗೂಡು ಕಟ್ಟಲು ನಿಂತಿದೆ, ಆಳು ಸಾಲದು, ಕೆಲಸ ಮಾಡುತ್ತಾ ನೋಡಿದರೆ ಚೆನ್ನಾಗಿ ತಿಳಿಯುತ್ತದೆ, ಯಾರು ಬರುತ್ತೀರಿ ಎಂದರು. ಚೆನ್ನರಾಯಪ್ಪ ಎಂದರೆ ನಮ್ಮ ಮಾವ, ನಿಮ್ಮ ಭಾವ. ನಾನು ತಟ್ಟೆ ಕೆಳಗಿಟ್ಟು ಎಲ್ಲರಿಗಿಂತ ಮುಂಚೆ ಎದ್ದೆ.

ಹುಳದ ಮನೆ ಬಾಗಿಲಲ್ಲೇ ಅತ್ತೆ ನಿಂತಿದ್ದರು. ನಿಮ್ಮದೇ ಮೂಗು, ನಿಮ್ಮದೇ ಗಡಸು. ಕೈಕಾಲು ತೊಳೆಯುವ ನೀರು ತೋರಿಸಿ ಒಬ್ಬೊಬ್ಬರನ್ನೇ ಮೂಸಿದರು. ನನ್ನ ಹತ್ತಿರ ಬಂದು, "ಪೌಡರ್ ಬಳ್ಕೊಂಡಿದೀಯ. ಈ ವಾಸನೆಗೆ ನನ್ ಹುಳ ಸತ್ತೋಯ್ತವೆ. ಮುಖ ತೊಳ್ಕೊಂಡ್ ಬಾರಮ್ಮ" ಎಂದರು. ಅತ್ತೆಯ ಬಾಯಿಂದ ನನಗೆ ಬಂದ ಮೊದಲ ಮಾತು ಇದು. ಓಡಿಹೋಗಿ ಕೊಳಾಯಿಯಲ್ಲಿ ಮುಖ ಉಜ್ಜಿಕೊಂಡು ಬಂದೆ.

ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಆಡಿಸುತ್ತದೆ, ಮೈ ಹಳದಿಗೆ ತಿರುಗಿ ಬೆಳಕು ತೂರುವಂತಿರುತ್ತದೆ. ಅಂಥವನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಸೊಪ್ಪಿನಲ್ಲೇ ಗೂಡು ಕಟ್ಟಿ ಹಾಳು. ಮೊದಲ ಹುಳ ಮುಟ್ಟಿದಾಗ ಮೈ ಜುಮ್ಮೆಂದಿತು. ಆಮೇಲೆ ಅದರ ತಣ್ಣನೆಯ ಮೈ ಹಿತವಾಯಿತು. ಅತ್ತೆ ಕೆಲಸ ಮಾಡುತ್ತಲೇ ಒಬ್ಬೊಬ್ಬರನ್ನೂ ಯಾವೂರು, ಯಾರ ಮಕ್ಕಳು ಎಂದು ವಿಚಾರಿಸುತ್ತಿದ್ದರು. ನನ್ನ ಸರದಿ ಬಂತು. "ನೀನ್ ಯಾರ್ ಮಗಳಮ್ಮ?" ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಗೌರಿಬಿದನೂರು, ಮಿಲಿಟರಿ ಉದಯಕುಮಾರ್ ಮಗಳು ಎಂದೆ. ಅತ್ತೆಯ ಕೈ ನಿಂತಿತು. ಹಿಡಿದಿದ್ದ ಹುಳ ಅವರ ಬಳೆಯವರೆಗೂ ಹರಿಯಿತು, ಅವರಿಗೆ ಗೊತ್ತಾಗಲಿಲ್ಲ. ಹೊರಗೆ ಹೋಗು ಎನ್ನುತ್ತಾರೆ ಎಂದುಕೊಂಡೆ. ಅವರು ಬಳೆಯ ಮೇಲಿನ ಹುಳ ಬಿಡಿಸಿ ಚಂದ್ರಿಕೆಗೆ ಬಿಟ್ಟು, "ಹಸೀ ಹುಳ ಆಯ್ಬೇಡ, ನೋಡ್ಕೊಂಡ್ ಬಿಡು" ಎಂದಷ್ಟೇ ಹೇಳಿ ಮುಂದಿನ ಹುಳದ ತಟ್ಟೆಗೆ ಹೋದರು. ನಾನು ಸಂಜೆವರೆಗೂ ತಲೆ ಎತ್ತದೆ ದುಡಿದೆ. ಅಮ್ಮ ನೋಡಿದ್ದರೆ ಮೂರ್ಛೆ ಹೋಗುತ್ತಿದ್ದರು, ಮನೆಯಲ್ಲಿ ಒಂದು ಲೋಟ ತೊಳೆಯದವಳು.

ರಾತ್ರಿ ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಎಲ್ಲರಿಗೂ ಒಂದೊಂದು ಚಮಚ ತುಪ್ಪ. ನನ್ನ ತಟ್ಟೆಗೆ ಬಂದಾಗ ಅತ್ತೆ ಚಮಚ ಬಿಟ್ಟು ಬಟ್ಟಲನ್ನೇ ಬಗ್ಗಿಸಿದರು. ಆಮೇಲೆ ಗೋಡೆ ಕಡೆ ತಿರುಗಿ, "ಅಂತಾ ಮಾ ತಮ್ಮುಡಿ ಮುಖಮೇ" ಎಂದು ತೆಲುಗಿನಲ್ಲಿ ಹೇಳಿಕೊಂಡರು, ಎಲ್ಲ ನನ್ನ ತಮ್ಮನ ಮುಖವೇ ಅಂತ. ನಾನು ಅತ್ತುಬಿಟ್ಟೆ ಅಪ್ಪಾ. ಗೆಳತಿಯರು ಸಾರು ಖಾರವಾಯಿತೇನೋ ಎಂದುಕೊಂಡರು.

ಬಾಯಿ ಬಿಟ್ಟವರು ಮಾವ. "ನೋಡೇ ಮಂಗಿ, ನಿನ್ ತಮ್ಮನ ಮನೆ ಆಳು ಒಂದ್ ದಿನ ನಮ್ಮನೇಲಿ ದುಡೀತು. ಇದು ಮುಯ್ಯಾಳು ಆಯ್ತಲ್ಲ, ಏನ್ ಮಾಡ್ತೀಯ?" ಎಂದರು. ಅಲ್ಲಿಯ ಪದ್ಧತಿ ನಿಮಗೆ ಗೊತ್ತೇ ಇದೆ. ನಿಮ್ಮ ಮನೆಯವರು ನಮ್ಮಲ್ಲಿ ಒಂದು ದಿನ ದುಡಿದರೆ, ನಮ್ಮ ಮನೆಯವರು ನಿಮ್ಮಲ್ಲಿ ಬಂದು ಒಂದು ದಿನ ದುಡಿದೇ ಅದನ್ನು ತೀರಿಸಬೇಕು. ಅತ್ತೆಗೆ ಮುಖ ಕೆಂಪಾಯಿತು. "ಮುಯ್ಯಿ ಉಳಿಸ್ಕೊಂಡ್ ಬಾಳಿದ್ ಮನೆ ಅಲ್ಲ ಇದು" ಎಂದವರೇ, ನಿಮ್ಮ ಮನೆಯಲ್ಲಿ ಏನು ಕೆಲಸ ಇದೆ ಎಂದು ನನ್ನನ್ನು ಕೇಳಿದರು. ಬಾಡಿಗೆ ಮನೆ, ಹೊಲ ಇಲ್ಲ, ಹುಳ ಇಲ್ಲ, ಏನು ಹೇಳಲಿ? ಸಂಕ್ರಾಂತಿ ಮಾರನೇ ದಿನ ಒಂದು ಮೂಟೆ ಅವರೆಕಾಳು ಹಿತುಕುವುದಿದೆ, ಜನವೇ ಇಲ್ಲ ಅತ್ತೆ ಎಂದುಬಿಟ್ಟೆ. ಮೂಟೆಯ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ. ಅತ್ತೆ ಎದ್ದು ಹುಳದ ಮನೆಗೆ ಹೋದರು.

ಅಮ್ಮ ನಿಮ್ಮನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ನಿಮ್ಮ ಪಾದಗಳಿಗೆ ನನ್ನ ನಮಸ್ಕಾರ.

ನಿಮ್ಮ ಮಗಳು,
ಧನುಶ್ರೀ

ಮತ್ತೆ: ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮಾರನೇ ಬೆಳಿಗ್ಗೆ ನಾವು ಬಸ್ಸು ಹತ್ತುವಾಗ ಅತ್ತೆ ಬಂದು ಕಿಟಕಿ ಹಿಡಿದುಕೊಂಡರು. "ಬರ್ತೀನಿ. ಆದ್ರೆ ಮನೆ ಯಜಮಾನ ಮುಂದೆ ಕೂತಿದ್ರೇನೇ ಮುಯ್ಯಿ ತೀರೋದು. ಅವನಿಲ್ದೆ ಇದ್ರೆ ಅದು ಲೆಕ್ಕಕ್ಕಿಲ್ಲ. ನಿಮ್ಮಪ್ಪಂಗೆ ಹಂಗೇ ಬರಿ" ಎಂದು ಹೇಳಿ ಹಿಂತಿರುಗಿ ನೋಡದೆ ನಡೆದರು. ಅವರು ದೂರ ಹೋದ ಮೇಲೆ ಮಾವ ಕಿಟಕಿಗೆ ಬಾಯಿಟ್ಟು, "ಅಂಥ ಪದ್ಧತಿ ನಮ್ ಸೀಮೇಲೇ ಇಲ್ಲಮ್ಮ. ನಿಮ್ಮತ್ತೆ ಈಗ್ತಾನೆ ಕಟ್ಟಿದ್ದು" ಎಂದರು. ಅಪ್ಪಾ, ಇವತ್ತೇ ರಜೆಗೆ ಬರೆದುಕೊಡಿ.