ಮೊಂತೆಸೆಕ್ಕೊಗೆ ಶನಿವಾರವೇ ಬಾ

ಅಕ್ಕಾ,

ಅಂತೂ ಅತ್ತೆಯ ಊರು ಸೇರಿದೆ. ರೈಲು ನಿಲ್ದಾಣಕ್ಕೆ ಮೊಂತೆಸೆಕ್ಕೊ ಎಂದೇ ಹೆಸರು, ಆದರೆ ಅದಿರುವುದು ಕಣಿವೆಯ ತಳದಲ್ಲಿ. ಊರು ಆರು ಕಿಲೋಮೀಟರ್ ಮೇಲೆ, ಬೆಟ್ಟದ ತುದಿಯಲ್ಲಿ. ಬಸ್ಸೇನೋ ನಿಂತಿತ್ತು, ನನ್ನ ಬಳಿ ಟಿಕೆಟ್ ಇರಲಿಲ್ಲ.

“ಟಿಕೆಟು ಆ ಕಾಫಿ ಅಂಗಡೀಲಿ ತಗೋಬೇಕಮ್ಮಾ,” ಎಂದ ಚಾಲಕ.

“ಅದು ಬಾಗಿಲು ಹಾಕಿದೆಯಲ್ಲಪ್ಪಾ!”

“ಮಧ್ಯಾಹ್ನ ಅವ್ರೂ ಉಂಡು ಮಲಗೋದು ಬೇಡ್ವಾ?”

ನಡೆದೇ ಹತ್ತಿದೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ನೀನು ಪೊಟೆಂಜಾದಲ್ಲಿ ರೈಲು ಬದಲಿಸುವಾಗಲೇ ಬಸ್ಸಿನ ಟಿಕೆಟನ್ನೂ ಕೊಂಡುಕೋ.

ಅತ್ತೆಯ ಕಣ್ಣಿನ ಆಪರೇಷನ್ ಹದಿನಾಲ್ಕನೇ ತಾರೀಖು, ಸೋಮವಾರ. ಭಾನುವಾರ ಇಲ್ಲಿಗೆ ಬಸ್ಸೇ ಇಲ್ಲ, ಶನಿವಾರವೇ ಬಾ. “ದೊಡ್ಡೋಳು ಬಂದು ಕೈ ಹಿಡ್ಕೊಳ್ದೆ ನಾನು ಆಸ್ಪತ್ರೆಗೆ ಹೊರಡಲ್ಲ” ಎಂದು ಹಠ ಹಿಡಿದಿದ್ದಾರೆ. ನನ್ನ ಕೈಯನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ತಂಗಿ ಅಸ್ಸುಂತಾ