ಕಿವಿ ಸಲಕರಣೆಯಲ್ಲ ಎಂದ ಕಚೇರಿಗೆ

ಜಲಕ್ರೀಡೆಗಳ ಪರವಾನಗಿ ಅಧಿಕಾರಿಗಳಾದ ಮಾನ್ಯರೇ,

ನಮ್ಮನೆಯವರ ಬಲಗಿವಿ ಹೋಗಿದೆ. ತಾವು ಪರವಾನಗಿ ಕೊಟ್ಟಿರುವ ಡೈವಿಂಗ್ ಕೇಂದ್ರದಲ್ಲಿ, ತಮ್ಮ ತಪಾಸಣಾಧಿಕಾರಿ "ಎಲ್ಲವೂ ಸಮರ್ಪಕ" ಎಂದು ಸಹಿ ಹಾಕಿಹೋದ ಎಂಟನೆಯ ದಿನ, ಹೋಗಿದೆ. ಇದನ್ನು ತಿಳಿಸಿ ನಾನು ಬರೆದ ಮೂರು ಅರ್ಜಿಗಳಿಗೆ ತಮ್ಮಿಂದ ಬಂದದ್ದು ಒಂದೇ ಉತ್ತರ: "ಕಿವಿಯು ಕೇಂದ್ರವು ಒದಗಿಸಿದ ಸಲಕರಣೆಯಾಗಿರುವುದಿಲ್ಲ. ಸದರಿಯದನ್ನು ಪ್ರವಾಸಿಗರು ಸ್ವಂತವಾಗಿ ತಂದಿರುತ್ತಾರೆ. ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ." ಅಪ್ಪಣೆ, ಮಾನ್ಯರೇ. ಇನ್ನು ಮುಂದೆ ಪ್ರವಾಸ ಹೊರಡುವಾಗ, ಬೀಗದ ಕೈ ಕೊಟ್ಟು ಬರುವ ಪಕ್ಕದ ಮನೆಯಲ್ಲೇ ಕಿವಿಗಳನ್ನೂ ಇಟ್ಟು ಬರುತ್ತೇವೆ.

ನಮ್ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಲ್ಲಿ ಅವರಿಗೆ 'ಡಾಕ್ಟರು' ಎಂದೇ ಹೆಸರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಬಲಗಿವಿಗೆ ಒತ್ತಿ, ಕಣ್ಣು ಮುಚ್ಚಿ ಅರ್ಧ ನಿಮಿಷ ನಿಂತರೆ ಸಾಕು, ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ ಏನು ಬೇಕೆಂದು ಕೇಳಿದೆ. "ಇಂಜಿನ್ ಸದ್ದೇ ಇಲ್ದಿರೋ ಜಾಗಕ್ಕೆ ಒಂದ್ಸಲ ಹೋಗ್ಬೇಕು ಕಣೇ. ನೀರಿನ ಕೆಳಗೆ," ಎಂದರು. ಅಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಹೋದೆವು.

ಆ ಕೇಂದ್ರದ ಗೋಡೆಯ ಮೇಲೆ ತಮ್ಮ ಪರವಾನಗಿಯನ್ನು ಚೌಕಟ್ಟು ಕಟ್ಟಿಸಿ ತೂಗುಹಾಕಿದ್ದಾರೆ. ಗಾಜಿನ ಮೇಲೆ ಒಂದು ಚೂರು ಧೂಳಿಲ್ಲ. ತರಬೇತಿ ಐದು ನಿಮಿಷದ್ದು. ಅದರಲ್ಲಿ ನಾಲ್ಕು ನಿಮಿಷ 'ನನ್ನ ಜೀವಕ್ಕೆ ನಾನೇ ಹೊಣೆ' ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಹೋಯಿತು. ಉಳಿದ ಒಂದು ನಿಮಿಷದಲ್ಲಿ ಗೈಡ್ ಹೇಳಿದ್ದಿಷ್ಟು: "ಹೆಬ್ಬೆರಳು, ತೋರುಬೆರಳು ಹೀಗೆ ಸೇರ್ಸಿದ್ರೆ ಓಕೆ ಅಂತ. ಕಿವಿ ಬಿಗಿದ್ರೆ ಮೂಗು ಹಿಡ್ಕೊಂಡು ಜೋರಾಗಿ ಊದಿ. ಬನ್ನಿ ಬನ್ನಿ, ಮುಂದಿನ ಬ್ಯಾಚ್ ಕಾಯ್ತಾ ಇದೆ."

"ನಂಗೆ ನೆಗಡಿ ಇದೆಯಲ್ಲಪ್ಪಾ, ಪರವಾಗಿಲ್ವಾ?" ಎಂದು ಇವರು ಕೇಳಿದರು.

"ಉಪ್ಪುನೀರು ಸಾರ್, ಇಳಿದ್ರೆ ನೆಗಡೀನೂ ಹೋಗುತ್ತೆ!"

ಸುಳ್ಳಲ್ಲ, ನಾಲ್ಕು ದಿನಕ್ಕೆ ನೆಗಡಿ ಹೋಯಿತು.

ನಾನು ದೋಣಿಯಲ್ಲಿ ಅವರ ಕನ್ನಡಕ ಹಿಡಿದು ಕೂತಿದ್ದೆ. ಕೆಳಗೆ ನಡೆದದ್ದನ್ನು ಅವರೇ ಆಮೇಲೆ ಹೇಳಿದರು. ಗೈಡ್ ಸಿಲಿಂಡರಿಗೆ ಕೈಹಾಕಿ ಸರಸರನೆ ಕೆಳಗೆಳೆದ. ಎರಡಾಳು ಆಳಕ್ಕೆ ಹೋಗುವಷ್ಟರಲ್ಲಿ ಕಿವಿಗೆ ಮೊಳೆ ಹೊಡೆದಂತಾಯಿತು. ನೋವಿಗೆ ಯಾವ ಸನ್ನೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಇವರು ಕಿವಿಯತ್ತ ಬೆರಳು ತೋರಿಸಿದರು. ಗೈಡ್ ಬೆರಳು ಸೇರಿಸಿ ಓಕೆ ಎಂದ, ಕ್ಯಾಮೆರಾ ಎತ್ತಿ ಫೋಟೊ ತೆಗೆದ, ಮತ್ತೆ ಕೆಳಗೆಳೆದ. ಇವರು ಮೂಗು ಹಿಡಿದು ಜೋರಾಗಿ ಊದಿದರು. ಆಗಲಿಲ್ಲ. ಇನ್ನೂ ಜೋರಾಗಿ ಊದಿದರು. ಒಳಗೆ ಪಟ್ ಎಂದಿತು, ಸಮುದ್ರವೇ ಗಿರ್ರನೆ ತಿರುಗಿತು.

ಮೇಲೆ ಬಂದಾಗ ಕಿವಿಯಿಂದ ಕತ್ತಿನವರೆಗೆ ರಕ್ತದ ಸಣ್ಣ ಗೆರೆ. "ಏನಾಯ್ತು ರೀ?" ಎಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಕಿವೀಲಿ ನೀರು ಸೇರಿರ್ಬೇಕು. ಒಂಟಿ ಕಾಲಲ್ಲಿ ಕುಣೀರಿ ಸಾರ್," ಎಂದ ಗೈಡ್. ಎರಡು ಕಾಲಲ್ಲೂ ನಿಲ್ಲಲಾಗದ ಮನುಷ್ಯ ಒಂಟಿ ಕಾಲಲ್ಲಿ ಕುಣಿಯಬೇಕಂತೆ.

ಕಿವಿ ಡಾಕ್ಟರಮ್ಮ ಪರೀಕ್ಷಿಸಿ ಕೇಳಿದ ಮೊದಲ ಪ್ರಶ್ನೆ: "ಜೋರಾಗಿ ಊದೋಕೆ ಯಾರ್ರೀ ಹೇಳಿದ್ದು?" ಆಮೇಲೆ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಕಿವಿಯ ತಮಟೆಯ ಹಿಂದೆ ಗಾಳಿಯ ಪುಟ್ಟ ಕೋಣೆ, ಅಲ್ಲಿಂದ ಗಂಟಲಿಗೆ ಒಂದು ಸಣ್ಣ ನಾಳ. ಇಳಿದಂತೆಲ್ಲ ನೀರು ತಮಟೆಯನ್ನು ಒಳಕ್ಕೆ ಒತ್ತುತ್ತದೆ. ಆ ನಾಳದಿಂದ ಗಾಳಿ ಕಳಿಸಿ ಒಳಗಿನ ಒತ್ತಡವನ್ನು ಸರಿದೂಗಿಸಬೇಕು. "ನೋವು ಬರೋಕೆ ಮುಂಚೇನೇ ಶುರು ಮಾಡ್ಬೇಕು. ಮೂಗು ಹಿಡಿದು ಮೆತ್ತಗೆ, ಮಗು ಕಣ್ಣಿಗೆ ಬಿದ್ದ ಧೂಳು ಊದ್ತೀವಲ್ಲ, ಅಷ್ಟು ಮೆತ್ತಗೆ. ಉಗುಳು ನುಂಗಿದ್ರೂ ಕೆಲವರಿಗೆ ಆಗುತ್ತೆ. ಮೊಳಕ್ಕೊಂದು ಸಲ ಮಾಡ್ಬೇಕು. ಆಗ್ಲಿಲ್ವಾ, ಸ್ವಲ್ಪ ಮೇಲೆ ಬಂದು ಮತ್ತೆ ನೋಡೋದು. ಆಗ್ಲೂ ಆಗ್ಲಿಲ್ವಾ, ಸುಮ್ನೆ ದೋಣಿಗೆ ವಾಪಸ್. ನೆಗಡಿ ಇದ್ರೆ ಆ ನಾಳಾನೇ ಕಟ್ಟಿರುತ್ತೆ, ಇಳೀಲೇಬಾರ್ದು."

ಇಷ್ಟನ್ನು ಹೇಳಲು ಅವರಿಗೆ ಎರಡು ನಿಮಿಷ ಸಾಕಾಯಿತು. ತಮ್ಮ ಪರವಾನಗಿ ಷರತ್ತುಗಳು ನಲವತ್ತು ಪುಟ ಇವೆ. ದೋಣಿಗೆ ಯಾವ ಬಣ್ಣ ಬಳಿಯಬೇಕೆಂಬುದಕ್ಕೇ ಎರಡು ಪುಟ. ಕಿವಿ ಎಂಬ ಪದವನ್ನು ಹುಡುಕಿ ಹುಡುಕಿ ನನ್ನ ಕಣ್ಣೂ ಹೋಗುವುದರಲ್ಲಿತ್ತು. ಕಣ್ಣೂ ಸಲಕರಣೆಯಲ್ಲವೆಂದು ನೆನಪಾಗಿ ನಿಲ್ಲಿಸಿದೆ.

ಹರಿದ ತಮಟೆ ಆರು ವಾರಕ್ಕೆ ಕೂಡಿಕೊಂಡಿತು. ಆದರೆ ಊದಿದ ರಭಸಕ್ಕೆ ಒಳಗಿವಿಗೆ ಬಿದ್ದ ಪೆಟ್ಟು ಮಾಯಲಿಲ್ಲ. ಸಣ್ಣ ಸದ್ದುಗಳೆಲ್ಲ ಹೋಗಿ, ಅವುಗಳ ಜಾಗದಲ್ಲಿ ಬಿಡುವಿಲ್ಲದ ಒಂದು 'ಕೀಂ' ಉಳಿದಿದೆ. ಎಡಗಿವಿ ಇದೆಯಲ್ಲ ಎನ್ನಬೇಡಿ, ಆ ಕೀಂ ಅದರ ಕೆಲಸವನ್ನೂ ಕೆಡಿಸುತ್ತದೆ. ಈಗ ಡಿಪೋದವರು ಅವರನ್ನು ಟೈರ್ ವಿಭಾಗಕ್ಕೆ ಹಾಕಿದ್ದಾರೆ. "ಟೈರು ಏನೂ ಹೇಳಲ್ಲ ನೋಡು, ನಂಗೂ ಕೇಳೋ ಕಷ್ಟ ಇಲ್ಲ," ಎಂದು ನಕ್ಕರು. ಆ ನಗು ನೋಡಲಾರದೆ ನಾನು ಒಲೆಯ ಕಡೆ ತಿರುಗಿಕೊಂಡೆ.

ತಮ್ಮ ಕಚೇರಿಗೂ ಬಂದಿದ್ದೆ. ನಾಲ್ಕನೆಯ ಕಿಟಕಿಯ ಗುಮಾಸ್ತರು ತಲೆಯೆತ್ತದೆ ಕೇಳಿದರು, "ಏನು ಹಾಳಾಗಿದೆ? ಮಾಸ್ಕಾ, ಸಿಲಿಂಡರಾ?"

"ಕಿವಿ."

"ನಮೂನೇಲಿ ಕಿವಿ ಇಲ್ಲಮ್ಮಾ. 'ಇತರೆ' ಅಂತ ಬರೀರಿ."

ನಮ್ಮನೆಯವರದು ನೀರಿನಿಂದ ಬಂದ ಕಿವುಡು, ಅದಕ್ಕೆ ಸಿಕ್ಕಿದ್ದು ಟೈರ್ ವಿಭಾಗ. ಕಚೇರಿಗಳದು ಜಾಣಗಿವುಡು. ಅದಕ್ಕೆ ಬಡ್ತಿ ಸಿಗುತ್ತದೆಂದು ಕೇಳಿದ್ದೇನೆ, ನಿಜವೇ?

ಅರ್ಜಿ ತುಂಬುತ್ತಾ ತಲೆಯೆತ್ತಿದರೆ ಎದುರಿನ ಗೋಡೆಯ ಮೇಲೆ ತಮ್ಮ ಹೊಸ ಪೋಸ್ಟರ್. ನೀಲಿ ನೀರಿನಲ್ಲಿ ಒಬ್ಬ ಮನುಷ್ಯ ಕಿವಿಯತ್ತ ಬೆರಳು ತೋರಿಸುತ್ತಿದ್ದಾನೆ. ಕೆಳಗೆ ದಪ್ಪಕ್ಷರದಲ್ಲಿ: "ಕಡಲಿನ ಕರೆಗೆ ಕಿವಿಗೊಡಿ!" ಮುಖವನ್ನು ಮಾಸ್ಕ್ ಮುಚ್ಚಿತ್ತು. ಆದರೆ ಆ ಬೆರಳಿನ ಉಗುರು ಜಾಕ್ ಅಡಿ ಸಿಕ್ಕಿ ಕಪ್ಪಾದದ್ದು. ಅದಕ್ಕೆ ಮುಲಾಮು ಹಚ್ಚಿದವಳು ನಾನು. ಗುರುತು ಸಿಗದೆ ಇರುತ್ತದೆಯೇ?

"ಎಷ್ಟ್ ಚೆನ್ನಾಗಿ ಪೋಸ್ ಕೊಟ್ಟಿದಾರೆ ಅಲ್ವಾ?" ಎಂದರು ಗುಮಾಸ್ತರು. "ಕೇಂದ್ರದವರು ಕಳ್ಸಿದ್ ಫೋಟೊ. ಸಾಹೇಬ್ರೇ ಆರ್ಸಿದ್ದು."

ಮಾನ್ಯರೇ, ತಮ್ಮ ಅಭಿರುಚಿಯನ್ನು ಮೆಚ್ಚಿದೆ. ಆ ಪೋಸ್ಟರನ್ನು ತೆಗೆಸಬೇಡಿ. ಅದರ ಒಕ್ಕಣೆಯನ್ನು ಮಾತ್ರ ಬದಲಿಸಿ, ಅಷ್ಟೇ ದಪ್ಪಕ್ಷರದಲ್ಲಿ ಹೀಗೆ ಬರೆಸಿ: "ಈ ಮನುಷ್ಯನಿಗೆ ಕಿವಿ ನೋಯುತ್ತಿದೆ. ಯಾರಾದರೂ ಹೀಗೆ ತೋರಿಸಿದರೆ ಅಲ್ಲೇ ನಿಲ್ಲಿಸಿ, ಮೇಲಕ್ಕೆ ಕರೆತನ್ನಿ." ಡಾಕ್ಟರಮ್ಮನ ಎರಡು ನಿಮಿಷದ ಮಾತನ್ನು ತಮ್ಮ ನಲವತ್ತು ಪುಟದ ಮೊದಲನೆಯ ಪುಟಕ್ಕೆ ಸೇರಿಸಿ. ನೆಗಡಿ ಇದ್ದವರನ್ನು ಇಳಿಸಿದ ಕೇಂದ್ರದ ಪರವಾನಗಿ ರದ್ದು ಮಾಡಿ. ಶಾಲೆಗಳಿಗೆ ರಜೆ ಬರಲು ಇನ್ನು ಹದಿನೈದೇ ದಿನ, ಮಕ್ಕಳು ಮರಿ ಎಲ್ಲ ಆ ದೋಣಿ ಹತ್ತುತ್ತಾರೆ. ಅಷ್ಟರೊಳಗೆ ಆಗದಿದ್ದರೆ ಚಿಂತಿಸಬೇಡಿ. ನಾನೇ ಒಂದು ದಪ್ಪನೆಯ ಮಾರ್ಕರ್ ಹಿಡಿದು ನಾಲ್ಕನೆಯ ಕಿಟಕಿಯ ಎದುರಿಗೆ ಬರುತ್ತೇನೆ. ಪೋಸ್ಟರ್ ಸ್ವಲ್ಪ ಎತ್ತರದಲ್ಲಿದೆ, ಸ್ಟೂಲನ್ನೂ ನಾನೇ ತರುತ್ತೇನೆ.

ಇಂತಿ,
ಈಚೆಗೆ ಗಂಡನ ಎಡಬದಿಗೆ ಮಾತ್ರ ಕೂತು ಮಾತಾಡುವ
ಒಬ್ಬ ಹೆಂಡತಿ