ಎಡಗಿವಿಯ ಹದಿನಾಲ್ಕು ದಿನ

ಗುರುವಾರ, ಜೂನ್ 28, 2001

ಇವತ್ತು ಹನ್ನೊಂದು ಜನ. ಚಾಕಣದ ಕಾರ್ಖಾನೆಯ ಬಸ್ಸು ಒಂಬತ್ತಕ್ಕೇ ಬಂತು. ಕಿವಿ ಪರೀಕ್ಷೆಯ ಬೂತ್‌ನಲ್ಲಿ ಕೂಡಿಸು, ಹೆಡ್‌ಫೋನ್ ಹಾಕು, ಸದ್ದು ಕೇಳಿದರೆ ಬೆರಳು ಎತ್ತಿ ಅನ್ನು, ಗುಂಡಿ ಒತ್ತು, ಚಾರ್ಟ್‌ನಲ್ಲಿ ಗುರುತು ಹಾಕು. ತಲೆಗೆ ಹತ್ತು ನಿಮಿಷ. ತಗಡು ಒತ್ತುವ ಪ್ರೆಸ್ ಶಾಪ್‌ನ ಗದ್ದಲದಿಂದ ಕಿವಿ ಉಳಿಸುವ ಮಾತ್ರೆಯ ಟ್ರಯಲ್ ಇದು. ನಲವತ್ತೆರಡು ಜನ ಕಾರ್ಮಿಕರು. ಮೊದಲು ನಲವತ್ತಮೂರು ಜನ ಇದ್ದರು. ಒಬ್ಬನ ಹೆಸರನ್ನು ಮಾರ್ಚ್‌ನಲ್ಲಿ ನಾನೇ ಹೊಡೆದುಹಾಕಿಸಿದೆ — ಶಿವರಾಜ, ನನ್ನ ತಮ್ಮ.

ಮಷಿನ್ ಮೇಲೆ ಟ್ರಯಲ್ ನಡೆಸುವ ಡಾ. ಋಷಿಕೇಶ್ ಸರ್ ಸಹಿ ಮಾಡಿ ಅಂಟಿಸಿದ ಚೀಟಿ ಹಾಗೇ ಇದೆ. "ಟ್ರಯಲ್‌ನವರಿಗೆ ಮಾಸ್ಕಿಂಗ್ ಬೇಡ. ಸಮಯ ಹಾಳು." ದಿನಾ ಎದುರಿಗೇ ಕೂರುತ್ತೇನೆ. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಇವತ್ತು ಊಟದ ಹೊತ್ತಿನಲ್ಲಿ ಅದರ ಝೆರಾಕ್ಸ್ ಮಾಡಿಸಿ ಪರ್ಸ್‌ನಲ್ಲಿ ಇಟ್ಟುಕೊಂಡೆ. ಯಾಕೆ ಅಂತ ಗೊತ್ತಿಲ್ಲ... ಗೊತ್ತಿದೆ.

ಶನಿವಾರ, ಜೂನ್ 30

ಅರ್ಧ ದಿನ. ಮನೆಗೆ ಬಂದಾಗ ಅವ್ವ ಶಿವ್ಯಾನಿಗೆ ಫೋನ್ ಹಚ್ಚಿದ್ದಳು. ಅವನು ಇನ್ನೂ ಎಡಗಿವಿಗೇ ರಿಸೀವರ್ ಹಿಡಿಯುತ್ತಾನೆ, ಹಳೆಯ ರೂಢಿ. ಅವ್ವ ಇತ್ತ ಹಲೋ ಹಲೋ ಅನ್ನುತ್ತಿರಬೇಕು. ಆಮೇಲೆ ನೆನಪಾಗಿ ಬಲಕ್ಕೆ ಬದಲಿಸುತ್ತಾನೆ.

ಫೆಬ್ರುವರಿಯಲ್ಲಿ ಒಂದು ಬೆಳಗ್ಗೆ ಎದ್ದಾಗ ಕಿವಿ ಕಟ್ಟಿತ್ತು ಅಂದ. ನಾನೇ ಟೆಸ್ಟ್ ಮಾಡಿದೆ. ಚೀಟಿಯಲ್ಲಿದ್ದ ಹಾಗೆ, ಮಾಸ್ಕಿಂಗ್ ಇಲ್ಲದೆ. ಕೆಟ್ಟ ಕಿವಿಯನ್ನು ಪರೀಕ್ಷಿಸುವಾಗ ಒಳ್ಳೆಯ ಕಿವಿಗೆ ಬೇರೆ ಸದ್ದು ತುಂಬಿ ಅದರ ಬಾಯಿ ಮುಚ್ಚಿಸಬೇಕು. ಅದೇ ಮಾಸ್ಕಿಂಗ್. ಇಲ್ಲದಿದ್ದರೆ ಸದ್ದು ತಲೆಬುರುಡೆ ದಾಟಿ ಒಳ್ಳೆಯ ಕಿವಿಗೆ ಹೋಗುತ್ತದೆ, ಬೆರಳು ಏಳುತ್ತದೆ. ಬಾರದವನ ಹಾಜರಿಯನ್ನು ಪಕ್ಕದವನು ಕೂಗಿದ ಹಾಗೆ. ಸತ್ತ ನರ ಚಾರ್ಟ್‌ನಲ್ಲಿ ಬದುಕಿರುತ್ತದೆ.

ಚಾರ್ಟ್ ನೋಡಿ ಸರ್ ಅಂದರು, ನರ ಚೆನ್ನಾಗಿದೆ, ಥಂಡಿಗೆ ಕಿವಿ ಕಟ್ಟಿದೆ. ಅವರು ಔಷಧಶಾಸ್ತ್ರದವರು, ಕಿವಿ ಡಾಕ್ಟರಲ್ಲ. ನನಗೆ ಅನುಮಾನ. ಮಾಸ್ಕಿಂಗ್ ಹಾಕಿ ಇನ್ನೊಮ್ಮೆ ಮಾಡಲಾ ಅಂತ ಕೇಳಿದೆ. "ಒಬ್ಬನಿಗೆ ಮಾಡಿದರೆ ಎಲ್ಲರಿಗೂ ಮಾಡಬೇಕಾಗುತ್ತದೆ ರೇಣು, ತಮ್ಮ ಅಂತ ಬೇರೆ ನಿಯಮ ಇದೆಯಾ?" ಸುಮ್ಮನಾದೆ. ನೌಕರಿಯ ಹೆದರಿಕೆ. ಇಪ್ಪತ್ತನಾಲ್ಕನೇ ದಿನ ತಡೆಯಲಾಗದೆ ಅವನನ್ನು ಬೇರೆ ಕಡೆ ಕರೆದುಕೊಂಡು ಹೋದೆ. ಎಡಗಿವಿ ಪೂರ್ತಿ ಹೋಗಿತ್ತು. ಮೊದಲ ಎರಡು ವಾರದಲ್ಲಿ ತಂದಿದ್ದರೆ ಸ್ಟೆರಾಯ್ಡ್ ಕೊಟ್ಟು ನೋಡಬಹುದಿತ್ತು, ಅಂದರು ಅಲ್ಲಿಯ ಡಾಕ್ಟರು.

ಎರಡು ವಾರ. ಹದಿನಾಲ್ಕು ದಿನ.

ಸೋಮವಾರ, ಜುಲೈ 2. ಬೆಳಗ್ಗೆ 11

ಬೂತ್‌ನ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಸರ್ ತಲೆ ಓರೆ ಮಾಡಿಕೊಂಡು ಬೂತ್ ಹತ್ತಿರ ಬಂದರು. ಎದ್ದಾಗಿನಿಂದ ಎಡಗಿವಿ ಕಟ್ಟಿದೆಯಂತೆ. ಒಳಗೆ ಕುಕ್ಕರ್ ಸಿಳ್ಳೆಯಂತೆ. "ಥಂಡಿ ಇರಬೇಕು. ಸುಮ್ಮನೆ ಒಮ್ಮೆ ನೋಡು." ಆಫೀಸಿನ ಮಾತೆಲ್ಲ ಮರಾಠಿ. ಬರೆಯಲು ಕೂತರೆ ಕೈಗೆ ಕನ್ನಡವೇ ಬರುತ್ತದೆ.

ಕೂಡಿಸಿದೆ. ನಾಲ್ಕು ಸದ್ದಿಗೇ ಗೊತ್ತಾಯಿತು, ಇದು ಥಂಡಿಯಲ್ಲ. ಮಾಸ್ಕಿಂಗ್ ಗುಂಡಿಯ ಮೇಲೆ ಕೈ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡೆ. ಚೀಟಿಯಲ್ಲಿ ಬೇಡ ಅಂತಲ್ಲವೇ ಬರೆದಿರುವುದು?

ಚಾರ್ಟ್ ಥೇಟ್ ಶಿವ್ಯಾನದೇ. ಒಂದು ಅಂಕಿಯನ್ನೂ ನಾನು ಸುಳ್ಳು ಬರೆದಿಲ್ಲ. "ನರ ಚೆನ್ನಾಗಿದೆ, ಥಂಡಿ ಸರ್," ಅಂದೆ. "ನಾನು ಹೇಳಲಿಲ್ಲವಾ?" ಅಂದು ಬೆನ್ನು ತಟ್ಟಿ ಹೋದರು. ಮಾಡಿದ್ದುಣ್ಣೋ ಮಹಾರಾಯ.

ಇದು ಒಂದನೇ ದಿನ.

ಗುರುವಾರ, ಜುಲೈ 5

ನಾಲ್ಕು. ಸರ್ ಮೂಗಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದಾರೆ. ಮೀಟಿಂಗ್‌ನಲ್ಲಿ ಎಡಕ್ಕೆ ಕೂತವರ ಮಾತಿಗೆಲ್ಲ ಹೂಂ ಅನ್ನುತ್ತಾರೆ. ನೋಡಿ ಹೊಟ್ಟೆ ತಣ್ಣಗಾಯಿತು. ಎಷ್ಟೋ ತಿಂಗಳ ಮೇಲೆ ಎರಡು ಚಪಾತಿ ಹೆಚ್ಚು ತಿಂದೆ.

ಭಾನುವಾರ, ಜುಲೈ 8

ಏಳು. ಶಿವ್ಯಾ ಧನಕವಡಿಯ ನಮ್ಮ ಮನೆಗೆ ಬಂದಿದ್ದ. ಬೈಕಿನ ಹಿಂದೆ ಕೂತು ಅವನ ಭುಜದ ಮೇಲಿಂದ ಎಲ್ಲ ಹೇಳಿಬಿಟ್ಟೆ. ಕಾತ್ರಜದವರೆಗೂ ಅವನು ಮಾತಾಡಲಿಲ್ಲ. ಅಲ್ಲಿ ಚಹಾಕ್ಕೆ ನಿಂತಾಗ "ಏನರ ಅಂದೇನಕ್ಕಾ?" ಅಂದ. ಎಡಗಡೆಯಿಂದ ಹೇಳಿದ್ದೆ, ಮರೆತು. ದಿನಕ್ಕೆ ಹನ್ನೊಂದು ಜನರ ಕಿವಿ ನೋಡುವವಳು ನಾನು!

ಬಲಕ್ಕೆ ಬಂದು ಮತ್ತೆ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಇರುವೆ ಕಂಡರೆ ಕಾಲು ಎತ್ತಿ ಇಡುವವನು.

"ಇವತ್ತಿಗಿ ಎಷ್ಟ ದಿನಾತು?"

"ಏಳು."

"ಹದಿನಾಕ ಆಗಲಿ ಬಿಡು. ಆಮ್ಯಾಲೆ ಹೇಳು." ಬಸಿಯಲ್ಲಿ ಚಹಾ ಸುರುವಿಕೊಂಡು ನಕ್ಕ. "ನನಗ ಅವ ಏನಂದಿದ್ದ ಗೊತ್ತದ ಏನು? ಮದ್ದ ಹಾಕ್ಕೋ, ಕೆಲಸಕ್ಕ ಹೋಗು, ನಾಟಕ ಮಾಡಬ್ಯಾಡ ಅಂದಿದ್ದ."

ಈ ಮಾತನ್ನು ನನಗೆ ಇಲ್ಲಿಯವರೆಗೂ ಹೇಳಿರಲಿಲ್ಲ. ಆ ನಗು ನನಗೆ ಹಿಡಿಸಲಿಲ್ಲ. ನನ್ನ ತಮ್ಮನ ಮುಖದಲ್ಲಿ ಅದು ಯಾವತ್ತೂ ಇರಲಿಲ್ಲ.

ಬುಧವಾರ, ಜುಲೈ 11

ಹತ್ತು. ಹೇಳಿಬಿಟ್ಟೆ.

ಪಾಪ ಅನ್ನಿಸಿ ಅಲ್ಲ. ಆ ನಗು ಮೂರು ದಿನ ಬೆನ್ನು ಬಿಡಲಿಲ್ಲ. ಮತ್ತೆ, ನಿಜ ಹೇಳುವುದಾದರೆ, ಗೊತ್ತಾದಾಗ ಅವರ ಮುಖ ಹೇಗಾಗುತ್ತದೆ ಅಂತ ನೋಡಬೇಕಿತ್ತು.

"ಸರ್, ನಿಮ್ಮ ಟೆಸ್ಟ್ ಮಾಸ್ಕಿಂಗ್ ಇಲ್ಲದೆ ಮಾಡಿದ್ದು. ಆ ಚಾರ್ಟ್ ನಂಬುವ ಹಾಗಿಲ್ಲ. ನರವೇ ಹೋಗಿರಬೇಕು. ಇವತ್ತೇ ಮತ್ತೆ ಮಾಡೋಣ, ಇವತ್ತೇ ಕಿವಿ ಡಾಕ್ಟರ ಹತ್ತಿರ ಹೋಗಿ. ಇನ್ನು ನಾಲ್ಕೇ ದಿನ ಇರುವುದು."

ಅವರು ನನ್ನನ್ನು ನೋಡಲಿಲ್ಲ. ಮಷಿನ್ ಮೇಲಿನ ಚೀಟಿ ನೋಡಿದರು.

"ನನ್ನ ಚಾರ್ಟ್ ಸುಳ್ಳಾದರೆ ಆ ನಲವತ್ತೆರಡು?"

"ಅವೂ ನಂಬುವ ಹಾಗಿಲ್ಲ ಸರ್."

"ಸೋಮವಾರ ಮಾತ್ರೆ ಕಂಪನಿಯವರು ತಪಾಸಣೆಗೆ ಬರುತ್ತಿದ್ದಾರೆ. ನಿನಗೆ ಗೊತ್ತು."

"ಗೊತ್ತು ಸರ್."

"ಇದೆಲ್ಲ ನಿನ್ನ ತಮ್ಮನ ಸಲುವಾಗಿ." ಎದ್ದು ನಿಂತರು. "ಮಾಸ್ಕಿಂಗ್ ಇಲ್ಲದೆಯೂ ಟೆಸ್ಟ್ ಸರಿಯಾಗೇ ಇರುತ್ತದೆ. ನನ್ನ ನರ ಚೆನ್ನಾಗಿದೆ."

ತಾನು ಬರೆದ ಚೀಟಿಯನ್ನು ತಾನೇ ನಂಬಿದ ಮನುಷ್ಯ! ಬೇರೆ ಡಾಕ್ಟರ ಹತ್ತಿರ ಹೋಗುವ ಹಾಗೂ ಇಲ್ಲ. ಪುಣೆಯಲ್ಲಿ ಕಿವಿ ಡಾಕ್ಟರರೆಲ್ಲ ಒಬ್ಬರಿಗೊಬ್ಬರು ಪರಿಚಯ. ಮಾಸ್ಕಿಂಗ್ ಹಾಕಿದ ಒಂದು ಚಾರ್ಟ್ ಅವರ ಹೆಸರಲ್ಲಿ ಹೊರಬಿದ್ದರೆ ಸೋಮವಾರದ ಆಟ ಮುಗಿಯಿತು. ನಾನು ಹೇಳಿಯಾಯಿತು. ಇನ್ನು ಪಾಪ ಅವರದ್ದು.

ಶುಕ್ರವಾರ, ಜುಲೈ 13

ಹನ್ನೆರಡು. ಚೀಟಿ ಮಾಯ. ಮಷಿನ್ ಮೇಲೆ ಗೋಂದಿನ ನಾಲ್ಕು ಕಲೆ. ನಾನು ಒದ್ದೆ ಬಟ್ಟೆಯಿಂದ ಒರೆಸಲಿ ಅಂತ ಸರ್ ನಿಂತು ಕಾಯ್ದರು. ಒರೆಸಿದೆ. ನನ್ನ ಪರ್ಸ್ ಹೆಗಲಲ್ಲೇ ಇತ್ತು.

ಭಾನುವಾರ, ಜುಲೈ 15

ಹದಿನಾಲ್ಕು.

ಏನೂ ಮಾಡಲಿಲ್ಲ. ಶಾವಿಗೆ ಬಸಿದೆ. ಫೋನ್ ಹತ್ತಿರವೇ ಕೂತಿದ್ದೆ. ಸರ್ ಮಾಡಲಿಲ್ಲ.

ಸೋಮವಾರ, ಜುಲೈ 16. ಸಂಜೆ

ಕಂಪನಿಯಿಂದ ಪ್ರಾಚಿ ಮ್ಯಾಡಮ್ ಬಂದಿದ್ದರು. ಕನ್ನಡಕ ಏರಿಸಿ ಒಂದೊಂದೇ ಚಾರ್ಟ್ ನೋಡಿದರು. ಎರಡು ಗಂಟೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, ಮಾಸ್ಕಿಂಗ್ ಮಾಡಿದ್ದೀರಾ?

ಸರ್ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಮ್ಯಾಡಮ್." ಝೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟೆ. ಎಲ್ಲ ಚಾರ್ಟ್‌ನ ಕೆಳಗೂ ಇರುವ ಸಹಿ ನನ್ನದು, ಅದನ್ನೂ ಹೇಳಿದೆ. ನನ್ನ ನೌಕರಿ ಇವತ್ತಲ್ಲ ನಾಳೆ ಹೋಗುತ್ತದೆ. ಹೋಗಲಿ. ಟ್ರಯಲ್ ನಿಂತಿತು. ಮಾತ್ರೆ ಬಂದ್. ನಲವತ್ತೆರಡು ಜನರಿಗೂ ಹೊಸ ಟೆಸ್ಟ್, ಬೇರೆ ಆಸ್ಪತ್ರೆಯಲ್ಲಿ.

ನಾಲ್ಕೂವರೆಗೆ ಸರ್ ಒಬ್ಬರೇ ಬೂತ್‌ಗೆ ಬಂದರು. ಕೋಟು ಇರಲಿಲ್ಲ.

"ಮಾಸ್ಕಿಂಗ್ ಹಾಕು."

ಹಾಕಿದೆ. ಗುಂಡಿ ಒತ್ತಿದೆ. ಏರಿಸಿದೆ. ಇನ್ನೂ ಏರಿಸಿದೆ. ಮಷಿನ್ ಹೋಗುವಷ್ಟು ಮೇಲಕ್ಕೆ ಹೋದೆ. ಗಾಜಿನಾಚೆ ಅವರು ಕಣ್ಣು ಮುಚ್ಚಿ ಕೂತಿದ್ದರು. ಎಲ್ಲ ಸ್ವರಕ್ಕೂ ಅದೇ. ಹನ್ನೆರಡು ನಿಮಿಷ. ಬೆರಳು ಏಳಲಿಲ್ಲ.

ಬಾಗಿಲು ತೆಗೆದೆ. ಹೆಡ್‌ಫೋನ್ ತುಸು ಸರಿಸಿ, "ಶುರು ಮಾಡು ರೇಣು," ಅಂದರು.

"ಮುಗೀತು ಸರ್."

ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಇವತ್ತು ಎಷ್ಟನೇ ದಿನ ಅಂತ ಕೇಳಿದರು. ಹದಿನೈದು ಅಂದೆ. ನಾನು ಎಡಕ್ಕೆ ನಿಂತಿದ್ದೆ. ಅವರಿಗೆ ಕೇಳಿಸಲಿಲ್ಲ. ಬಲಕ್ಕೆ ಹೋಗಿ ಮತ್ತೆ ಹೇಳಲಿಲ್ಲ, ಮಷಿನ್ ಆರಿಸಿದೆ.

ಮನೆಗೆ ಬರುವಷ್ಟರಲ್ಲಿ ಶಿವ್ಯಾನ ಫೋನ್.

"ಆತೇನಕ್ಕಾ?"

"ಆತು."

"ಅತ್ತನೇನು?"

ರಿಸೀವರ್ ಹಿಡಿದು ನಿಂತೆ. "ಹೇಳಕ್ಕಾ, ಅತ್ತನೇನು, ಅತ್ತನೇನು" ಅನ್ನುತ್ತಲೇ ಇದ್ದ. ಇಟ್ಟುಬಿಟ್ಟೆ.

ಸಂತೋಷ ಆಯಿತಾ ಅಂದರೆ, ಆಯಿತು. ಸುಳ್ಳು ಯಾಕೆ? ಆಯಿತು ಶಿವ್ಯಾ. ಆದರೆ ಅವರು ಒಳಗೆ ಬೆರಳು ಮುಂದೆ ಮಾಡಿಕೊಂಡು, ಈಗ ಬರುತ್ತದೆ, ಈಗ ಬರುತ್ತದೆ ಅಂತ ಕಾಯುತ್ತಾ ಕೂತಿದ್ದರಲ್ಲ... ನೀನೂ ಆವತ್ತು ಹಾಗೇ ಕೂತಿದ್ದೆ. ಗಾಜಿನ ಈಚೆ ಆವತ್ತೂ ನಾನೇ —